ಪಿನ್ಯಾಳ ಹೆಸರಿನಲ್ಲಿ ಕೊಂಡ ಗಿಟಾರ್

ಐವತ್ತಾರು ವರ್ಷದ ಗಂಡಸೊಬ್ಬ ಸಂಗೀತದ ಅಂಗಡಿಯ ಬಾಗಿಲ ಹಿಡಿಕೆಯ ಮೇಲೆ ಕೈಯಿಡುವುದು, ಕೈ ತೆಗೆಯುವುದು, ಆಮೇಲೆ ಪಕ್ಕದ ಕಬ್ಬಿಣದ ಸಾಮಾನಿನ ಅಂಗಡಿಗೆ ನುಗ್ಗಿ ಬೇಡದ ಮೊಳೆ ಕೊಂಡು ಮನೆಗೆ ಹೋಗುವುದು. ರೈಮೊ ಲಾತ್ವಲ ಆ ವಸಂತದಲ್ಲಿ ನಾಲ್ಕು ಶನಿವಾರ ಇದನ್ನೇ ಮಾಡಿದ. ನಾಲ್ಕು ಪೊಟ್ಟಣ ಮೊಳೆ ಸೇರಿತೇ ಹೊರತು ಅವನು ಬಂದ ಕೆಲಸ ಆಗಲಿಲ್ಲ. ಬಂದದ್ದು ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವುದಕ್ಕೆ. ಕಿಟಕಿಯಲ್ಲಿ ಅಂಗಡಿಯ ಒಡೆಯ ಓಸ್ಮೊ ಹಾರ್ಯು ಒಂದು ರಟ್ಟು ನಿಲ್ಲಿಸಿದ್ದ: ಮೊದಲ ಸಲ ಕಲಿಯುವವರಿಗೆ, ಕೈಗೆಟುಕುವ ಬೆಲೆ. ಆ ರಟ್ಟನ್ನು ರೈಮೊ ಓರೆಗಣ್ಣಿನಲ್ಲಿ ಎಷ್ಟು ಸಲ ಓದಿದ್ದನೆಂದರೆ ಅದರ ಅಕ್ಷರಗಳ ಬಣ್ಣ ಬಿಸಿಲಿಗೆ ಎಲ್ಲೆಲ್ಲಿ ಮಾಸಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ.

ಹಾಗೆಂದು ಅವನು ಅಂಜುಬುರುಕನಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಡೇರಿಯ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ. ಅಲಾವುಸ್ ಊರಿನ ಸುತ್ತಲಿನ ಮೂವತ್ತೊಂದು ದನದ ಫಾರಂಗಳಿಗೆ ದಿನ ಬಿಟ್ಟು ದಿನ ಹೋಗುವುದು, ಕೊಳವೆ ಜೋಡಿಸುವುದು, ಪರೀಕ್ಷೆಗೆ ಒಂದು ಸೀಸೆ ಹಾಲು ತುಂಬಿಕೊಳ್ಳುವುದು, ಮುಂದಿನ ಫಾರಂಗೆ ಹೊರಡುವುದು. ಮಂಜು ಹೆಪ್ಪುಗಟ್ಟಿದ ದಾರಿಯಲ್ಲಿ ಹದಿನೈದು ಟನ್ ಹಾಲನ್ನು ಹಿಂದಕ್ಕೆ ಸರಿಸಿ ಕೊಟ್ಟಿಗೆಯ ಮೂಲೆಗೆ ಮುಟ್ಟದಂತೆ ನಿಲ್ಲಿಸುವ ಗಂಡು ಅವನು. ಹೆಂಡತಿ ಮಕ್ಕಳಿಲ್ಲ. ಸಂಗಾತಿ ಎಂದರೆ ಟ್ಯಾಂಕರಿನ ರೇಡಿಯೊ. ಹಳೆಯ ಟ್ಯಾಂಗೊ, ಹಳೆಯ ರಾಕ್, ಯಾವುದು ಬಂದರೂ ಹಾಡಿನ ನಡುವೆ ಗಿಟಾರ್ ಎದ್ದಾಗ ಅವನ ಎಡಗೈ ಬೆರಳುಗಳು ಸ್ಟಿಯರಿಂಗ್ ಮೇಲೆ ತಾವಾಗಿಯೇ ಒತ್ತತೊಡಗುತ್ತಿದ್ದವು. ಎದುರಿನಿಂದ ವಾಹನ ಬಂದರೆ ಬೆರಳು ನಿಲ್ಲಿಸುತ್ತಿದ್ದ.

ಅವನ ಅಂಜಿಕೆಗೆ ಬೇರು ಶಾಲೆಯಲ್ಲಿತ್ತು. ನಮ್ಮ ದೇಶದಲ್ಲಿ ಅವನ ವಯಸ್ಸಿನವರಿಗೆಲ್ಲ ಗೊತ್ತಿರುವ ಹಾಡಿನ ಪರೀಕ್ಷೆ ಅದು. ಒಬ್ಬೊಬ್ಬರೇ ತರಗತಿಯ ಮುಂದೆ ನಿಂತು, ಮೇಡಂ ಹಾರ್ಮೋನಿಯಂ ಒತ್ತಿದ ಶ್ರುತಿಗೆ, ಒಂದು ಹಾಡು ಹೇಳಬೇಕು. ಹತ್ತು ವರ್ಷದ ರೈಮೊ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮೇಡಂ ಕೈಯೆತ್ತಿ ಸಾಕೆಂದರು, ಇನ್ನು ಮುಂದೆ ಎಲ್ಲರೂ ಹಾಡುವಾಗ ನೀನು ಬಾಯಿ ಮಾತ್ರ ಆಡಿಸು ಎಂದರು. ತರಗತಿ ಬಿದ್ದು ಬಿದ್ದು ನಕ್ಕಿತು. ನಲವತ್ತಾರು ವರ್ಷ ಅವನು ಆ ಮಾತನ್ನು ತಪ್ಪದೆ ಪಾಲಿಸಿದ. ಚರ್ಚಿನಲ್ಲಿ ತಾಯಿಯ ಶವಪೆಟ್ಟಿಗೆಯ ಮುಂದೆ ನಿಂತು ಕೀರ್ತನೆ ಹೇಳುವಾಗಲೂ ಬಾಯಿ ಮಾತ್ರ ಆಡಿಸಿದ.

ಎಲೆಕ್ಟ್ರಿಕ್ ಗಿಟಾರಿಗೆ ಹೆಡ್‌ಫೋನ್ ಹಾಕಿಕೊಂಡರೆ ಗೋಡೆಯಾಚೆಯವರಿಗೆ ಏನೂ ಕೇಳುವುದಿಲ್ಲ ಎಂದು ಲೈಬ್ರರಿಯ ಕಂಪ್ಯೂಟರಿನಲ್ಲಿ ಓದಿದ ದಿನ ಅವನ ಮನಸ್ಸು ಹಿಗ್ಗಿತು. ಯಾರಿಗೂ ಕೇಳಿಸದೆ ನುಡಿಸಬಹುದಾದ ವಾದ್ಯ. ಒಂದು ಚೀಟಿ ಬರೆದುಕೊಂಡ: ಇರುವ ಹಣವನ್ನೆಲ್ಲ ಗಿಟಾರಿಗೇ ಸುರಿಯಬಾರದು, ಹೆಡ್‌ಫೋನ್ ಸಿಕ್ಕಿಸುವ ಆಂಪ್ ಪೆಟ್ಟಿಗೆಗೆ ಸ್ವಲ್ಪ ಉಳಿಸಬೇಕು, ತಂತಿ ಕುತ್ತಿಗೆಯ ಮೇಲಿನ ಲೋಹದ ಮೆಟ್ಟಿನಿಂದ ತೀರಾ ಮೇಲಿರಬಾರದು, ತೀರಾ ಅಗ್ಗದ್ದು ಶ್ರುತಿ ನಿಲ್ಲಿಸುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ, ಅಂಗಡಿಯಲ್ಲಿ ಕೂತು ಕೈಗೆ ತೆಗೆದುಕೊಂಡು ನೋಡಿಯೇ ಕೊಳ್ಳಬೇಕು. ಈ ಕೊನೆಯದೇ ಅವನನ್ನು ಮೊಳೆಯ ಅಂಗಡಿಗೆ ಅಟ್ಟುತ್ತಿದ್ದದ್ದು.

ಐದನೆಯ ಶನಿವಾರ ಓಸ್ಮೊ ತಾನೇ ಬಾಗಿಲು ತೆರೆದು ಹೊರಗೆ ನಿಂತಿದ್ದ. ಅರವತ್ತು ದಾಟಿದ ಮನುಷ್ಯ, ಮೂವತ್ತು ಬೇಸಿಗೆ ಸರೋವರದ ದಂಡೆಯ ಕುಣಿತದ ಮಂಟಪಗಳಲ್ಲಿ ಗಿಟಾರ್ ಬಾರಿಸಿ ದಣಿದು ಅಂಗಡಿ ಇಟ್ಟವನು. ಏನು ಬೇಕಿತ್ತು ಎಂದು ಕೇಳಿದ. ರೈಮೊ ಗಿಟಾರ್ ಎಂದ. ಯಾರಿಗೆ ಎಂದು ಓಸ್ಮೊ ಕೇಳಿದ್ದು ವ್ಯಾಪಾರಿ ಕೇಳುವ ಮಾತು, ಅದರಲ್ಲಿ ಕುಚೋದ್ಯ ಲವಲೇಶವೂ ಇರಲಿಲ್ಲ. ಆದರೂ ರೈಮೊನ ಬಾಯಿಂದ ಹಿಂದೆ ಮುಂದೆ ನೋಡದೆ ಸುಳ್ಳು ಬಂದುಬಿಟ್ಟಿತು. ತಂಗಿಯ ಮಗಳು ಪಿನ್ಯಾಳಿಗೆ ಜೂನ್‌ನಲ್ಲಿ ಚರ್ಚಿನ ದೃಢೀಕರಣ ಸಂಸ್ಕಾರ, ತಾನು ದೀಕ್ಷಾಸ್ನಾನದಲ್ಲಿ ಅವಳ ಹೊಣೆ ಹೊತ್ತ ಜ್ಞಾನತಂದೆ, ಉಡುಗೊರೆ ಕೊಡಬೇಕು. ಹದಿನೈದು ತುಂಬಿದ ಮಕ್ಕಳಿಗೆ ಆ ದಿನ ಜ್ಞಾನತಂದೆ ದೊಡ್ಡದೇನಾದರೂ ಕೊಡುವುದು ನಮ್ಮಲ್ಲಿ ರೂಢಿ. ಸುಳ್ಳು ಅಳತೆ ತೆಗೆದು ಹೊಲಿಸಿದ ಕೋಟಿನ ಹಾಗೆ ಕೂತಿತು.

ಓಸ್ಮೊನ ಮುಖ ಅರಳಿತು. ಅವನು ಕುರ್ಚಿ ಎಳೆದು ಕೂತು ಒಂದೊಂದೇ ವಿಚಾರಿಸಿದ. ಹುಡುಗಿಯ ಎತ್ತರ ಎಷ್ಟು? ಕೈ ಹೇಗಿದೆ? ರೈಮೊ ಪ್ರಾಮಾಣಿಕವಾಗಿ ಉತ್ತರ ಕೊಟ್ಟ: ನನ್ನ ಭುಜದಷ್ಟು, ಪುಟ್ಟ ಕೈ, ಸಪೂರ ಬೆರಳು, ಉಗುರು ಕಚ್ಚುತ್ತಾಳೆ. ಯಾವ ಹಾಡು ಕೇಳುತ್ತಾಳೆ ಎಂದದ್ದಕ್ಕೆ ಮಾತ್ರ ಪಿನ್ಯಾ ಏನು ಕೇಳುತ್ತಾಳೋ ತಿಳಿಯದೆ ತನ್ನ ಪಟ್ಟಿಯನ್ನೇ ಒಪ್ಪಿಸಿದ.

"ಹದಿನೈದರ ಹುಡುಗಿ ಟ್ಯಾಂಗೊ ಕೇಳ್ತಾಳಾ?" ಓಸ್ಮೊ ಹುಬ್ಬೇರಿಸಿದ. "ಒಳ್ಳೆ ಮನೇಲಿ ಬೆಳೆದಿದಾಳೆ ಬಿಡು."

ಒಂದು ಗಂಟೆ ಹಿಡಿಯಿತು. ಓಸ್ಮೊ ಆರು ಗಿಟಾರ್ ಇಳಿಸಿದ, ಐದನ್ನು ತೂಕ ಹೆಚ್ಚು, ಕುತ್ತಿಗೆ ದಪ್ಪ, ಚಿಕ್ಕ ಕೈಗಾಗದು ಎಂದು ಮತ್ತೆ ಏರಿಸಿದ. ಕೊನೆಗೆ ತಿಳಿನೀಲಿಯದೊಂದನ್ನು ಆರಿಸಿ ಹೊಸ ತಂತಿ ಬಿಗಿದ, ಮೆಟ್ಟುಗಳ ಅಂಚನ್ನು ಅರದಿಂದ ಸವರಿ ಹುಡುಗಿಯ ಬೆರಳಿಗೆ ಚುಚ್ಚದಂತೆ ಮಾಡಿದ. ದೃಢೀಕರಣದ ಉಡುಗೊರೆ ಅಲ್ಲವೇ ಎಂದು ಬೆಲೆಯಲ್ಲಿ ಅರವತ್ತು ಯೂರೊ ಬಿಟ್ಟ. ನೀನೂ ಒಮ್ಮೆ ಹಿಡಿದು ನೋಡು ಎಂದಾಗ ರೈಮೊ ಎರಡು ಹೆಜ್ಜೆ ಹಿಂದೆ ಸರಿದು, ನನಗೆಲ್ಲಿ ಬರುತ್ತೆ ಇವೆಲ್ಲ ಎಂದ.

ಸಾಲುಮನೆಯ ತನ್ನ ಕೋಣೆಯಲ್ಲಿ ಪರದೆ ಎಳೆದು, ಹೆಡ್‌ಫೋನ್ ಹಾಕಿಕೊಂಡು, ಅವನು ಆ ಗಿಟಾರನ್ನು ಮೂರೂವರೆ ವಾರ ನುಡಿಸಿದ. ನುಡಿಸಿದ ಎನ್ನುವುದು ದೊಡ್ಡ ಮಾತು. ಆ ಸಪೂರ ಕುತ್ತಿಗೆಯ ಮೇಲೆ ಅವನ ಒಂದು ಬೆರಳು ಎರಡು ತಂತಿಯ ಮೇಲೆ ಕೂರುತ್ತಿತ್ತು. ಮೆಟ್ಟುಗಳ ಪಕ್ಕ ಪೆನ್ನಿನಲ್ಲಿ ಅಂಕಿ ಬರೆದು ಟೇಪು ಅಂಟಿಸಿದ. ಬೆರಳ ತುದಿ ಬಾತು, ಸಿಪ್ಪೆ ಎದ್ದು, ಆಮೇಲೆ ಗಟ್ಟಿಯಾಯಿತು. ಹನ್ನೊಂದನೆಯ ದಿನ ಒಂದು ಟ್ಯಾಂಗೊದ ಮೊದಲ ಐದು ಸ್ವರ ಸಾಲಾಗಿ ಬಂದವು. ರೈಮೊ ಬೆಚ್ಚಿ ಕೈ ತೆಗೆದು ಬಾಗಿಲ ಕಡೆ ನೋಡಿದ. ಆಮೇಲೆ ಅದನ್ನೇ ಅರವತ್ತು ಸಲ ನುಡಿಸಿದ. ಆ ಸಂಜೆ ಅವನಿಗಾದ ಸಂತೋಷ ಯಾರಿಗಾದರೂ ಹೇಳಿಕೊಳ್ಳುವಂಥದ್ದು, ಆದರೆ ಹೇಳುವುದು ಯಾರಿಗೆ? ಐದರ ಮುಂದಿನ ಸ್ವರಕ್ಕೆ ಬೆರಳು ಹಿಡಿಸುತ್ತಲೇ ಇರಲಿಲ್ಲ. ನನ್ನ ಕೈಯೇ ಸರಿಯಿಲ್ಲ, ಮೇಡಂ ಅಂದದ್ದು ಸುಳ್ಳಲ್ಲ ಎಂದುಕೊಂಡ.

ದೃಢೀಕರಣದ ಭಾನುವಾರ ಮಕ್ಕಳೆಲ್ಲ ಬಿಳಿ ನಿಲುವಂಗಿ ತೊಟ್ಟು ವೇದಿಕೆಯ ಮುಂದೆ ಮಂಡಿಯೂರಿದರು. ಪಾದ್ರಿಯ ಜೊತೆ ಜ್ಞಾನತಂದೆಯೂ ಮಗುವಿನ ತಲೆಯ ಮೇಲೆ ಕೈಯಿಟ್ಟು ಹರಸಬೇಕು. ತಂತಿ ಕೊರೆದ ಬೆರಳುಗಳನ್ನು ಪಿನ್ಯಾಳ ಕೂದಲ ಮೇಲೆ ಇಡುವಾಗ ರೈಮೊನಿಗೆ ಕೈ ಸುಟ್ಟಂತಾಯಿತು. ಅವಳ ಹೆಸರು ಹೇಳಿ ಕಡಿಮೆ ಬೆಲೆಗೆ ಹೊಡೆದುಕೊಂಡ ಸಾಮಾನು ಅವನ ಮನೆಯಲ್ಲಿತ್ತು. ಅವಳಿಗೆಂದು ಜೇಬಿನಲ್ಲಿ ಇದ್ದದ್ದು ನೂರು ಯೂರೊದ ಒಂದು ಲಕೋಟೆ.

ಚರ್ಚಿನ ಅಂಗಳದಲ್ಲಿ ಎಲ್ಲರೂ ಕೈಕುಲುಕುತ್ತಿದ್ದಾಗ ಓಸ್ಮೊ ಎದುರಾದ. ಅವನ ಮೊಮ್ಮಗಳೂ ಅದೇ ಗುಂಪಿನಲ್ಲಿದ್ದಳು. ಹನ್ನೊಂದು ಸಾವಿರ ಜನರ ಊರಿನಲ್ಲಿ ದೃಢೀಕರಣಕ್ಕೆ ಎಲ್ಲರೂ ಒಂದೇ ಚರ್ಚಿಗೆ ಬರುತ್ತಾರೆ ಎನ್ನುವುದು ಸುಳ್ಳು ಹೇಳುವಾಗ ಹೊಳೆದಿದ್ದರೆ ಎಷ್ಟು ಚೆನ್ನಾಗಿತ್ತು. ಓಸ್ಮೊ ನೇರ ರೈಮೊನ ಪಕ್ಕದಲ್ಲಿದ್ದ ಪಿನ್ಯಾಳ ಬಳಿ ಹೋಗಿ ಅವಳ ಕೈ ಹಿಡಿದು, ಬೆರಳು ನೋಡಿ, ನಿನ್ನ ಮಾವ ಹೇಳಿದ ಹಾಗೇ ಇದೆ, ಗಿಟಾರ್ ಕೈಗೆ ಹೊಂದಿತಾ ಎಂದು ಕೇಳಿದ. ಪಿನ್ಯಾ ಏನೂ ತಿಳಿಯದೆ ಮಾವನ ಮುಖ ನೋಡಿದಳು. ಅವಳಮ್ಮ ಮಾರ್ಕೆತ್ತಾ ನೋಡಿದಳು. ಹಿಂದೆ ನಿಂತಿದ್ದ ನಾಲ್ಕಾರು ಜನ ನೋಡಿದರು.

"ಸಂಜೆ ಕೊಡೋಣ ಅಂತಿದ್ದೆ," ಎಂದ ರೈಮೊ. "ಹೇಳದೆ."

ಮನೆಗೆ ಹೋಗಿ ಟೇಪು ಕಿತ್ತು, ಅಂಟಿನ ಗುರುತನ್ನು ಉಗುರಿನಿಂದ ಕೆರೆದು, ಬಟ್ಟೆಯಿಂದ ಒರೆಸಿ ಗಿಟಾರನ್ನು ಚೀಲಕ್ಕೆ ಹಾಕಿದ. ಚೀಲದ ಜಿಪ್ಪು ಎಳೆಯುವಾಗ ಅವನಿಗೆ ಅಳು ಬಂತು ಎಂದು ಹೇಳಿದರೆ ಅವನ ಮರ್ಯಾದೆಗೆ ಕುಂದೇನೂ ಬರುವುದಿಲ್ಲ. ತಂಗಿಯ ಫಾರಂನಲ್ಲಿ ಮೀನು, ಕೆನೆ, ಬ್ರೆಡ್ಡು ಪದರವಾಗಿ ಹಚ್ಚಿದ ಕೇಕು ಕತ್ತರಿಸುತ್ತಿದ್ದರು. ಪಿನ್ಯಾ ಚೀಲ ಬಿಚ್ಚಿ ಕಿರುಚಿ ಅವನ ಕೊರಳಿಗೆ ಬಿದ್ದಳು. ಗಿಟಾರ್ ಆಸೆ ಯಾರಿಗೂ ಹೇಳಿರಲಿಲ್ಲ ಮಾವ, ನಿನಗೆ ಹೇಗೆ ಗೊತ್ತಾಯ್ತು ಎಂದಳು. ಮಾರ್ಕೆತ್ತಾ ಕಣ್ಣೊರೆಸಿಕೊಂಡಳು. ಎಲ್ಲರೂ ಅವನನ್ನು ಹೊಗಳಿದರು, ಅವನು ಹೊಗಳಿಸಿಕೊಂಡ. ಅದು ಅವನಿಗೆ ಬೈಸಿಕೊಂಡದ್ದಕ್ಕಿಂತ ಕಹಿಯಾಗಿತ್ತು.

ಇಲ್ಲಿಗೆ ಮುಗಿದಿದ್ದರೆ ಅವನ ನಾಚಿಕೆ ಅವನೊಬ್ಬನ ಸೊತ್ತಾಗಿ ಉಳಿಯುತ್ತಿತ್ತು. ಎರಡು ವಾರದ ಮೇಲೆ ಪಿನ್ಯಾ ಗಿಟಾರನ್ನು ಊರಿನ ಯುವಜನ ಕೇಂದ್ರಕ್ಕೆ ಒಯ್ದಳು. ಅಲ್ಲಿ ಕಲಿಸುವ ಹುಡುಗಿ ಅದನ್ನು ತಿರುಗಿಸಿ ನೋಡಿ, ಇದು ಬಳಸಿದ್ದು ಎಂದಳು. ತಂತಿ ಬೆವರಿಗೆ ಕಪ್ಪಾಗಿದೆ, ಬೆನ್ನಿಗೆ ಬೆಲ್ಟಿನ ಬಕಲು ಗೀರಿದೆ, ಕುತ್ತಿಗೆಯ ಅಂಚಿಗೆಲ್ಲ ಅಂಟು. ಮಾರ್ಕೆತ್ತಾ ಕೆಂಡವಾದಳು. ಅಣ್ಣ ಹಾಲಿಗೆ ಬಂದಾಗ, ಓಸ್ಮೊ ನಿನ್ನ ಮುಖ ನೋಡಿ ಹಳೇ ಮಾಲನ್ನು ಹೊಸದು ಅಂತ ದಾಟಿಸಿದಾನೆ ಎಂದಳು. ಹೋಗಲಿ ಬಿಡು ಎಂದ ರೈಮೊ. ಅಣ್ಣನ ಈ ಸಾಧುತನವೇ ಅವಳನ್ನು ಇನ್ನಷ್ಟು ಕೆರಳಿಸಿತು.

ಅವಳು ಚರ್ಚಿನ ಹೊಲಿಗೆಯ ಕೂಟದಲ್ಲಿ ಹೇಳಿದಳು. ಅಲ್ಲಿಂದ ಅದು ಫಾರಂನಿಂದ ಫಾರಂಗೆ ಹೋಯಿತು, ಹಾಲಿನ ಟ್ಯಾಂಕರಿಗಿಂತ ಬೇಗ. ರೈಮೊ ಕೊಳವೆ ಜೋಡಿಸಿ ನಿಂತಿದ್ದರೆ ಎಲ್ಲ ಅಂಗಳದಲ್ಲೂ ಅದೇ ಮಾತು: ಪಾಪ, ನಿನಗೆ ಟೋಪಿ ಹಾಕಿದನಂತಲ್ಲ. ದೃಢೀಕರಣದ ಉಡುಗೊರೆಯಲ್ಲೂ ಮೋಸ ಮಾಡುವವನು ಎಂಥವನಿರಬೇಕು? ಒಬ್ಬ ರೈತ ಮಗನಿಗೆ ಅಕಾರ್ಡಿಯನ್ ಕೊಳ್ಳುವುದಿತ್ತು, ಪಕ್ಕದ ದೊಡ್ಡ ಊರು ಸೈನಾಯೊಕಿಗೇ ಹೋಗಿ ತರುತ್ತೇನೆ, ಇವನ ಸಹವಾಸ ಬೇಡ ಎಂದ. ರೈಮೊ ಸೀಸೆಗೆ ಹಾಲು ತುಂಬಿ ಮುಚ್ಚಳ ತಿರುಗಿಸಿದ. ಒಂದು ಗಂಟೆ ಕೂತು ಮೆಟ್ಟಿನ ಅಂಚು ಸವರಿದ ಮನುಷ್ಯ ತನ್ನಿಂದಾಗಿ ಕಳ್ಳನಾಗುತ್ತಿದ್ದ, ತಾನು ಪಕ್ಕದಲ್ಲೇ ನಿಂತು ಕೇಳುತ್ತಿದ್ದ. ರೇಡಿಯೊ ಹಾಕುವುದನ್ನೇ ಬಿಟ್ಟ.

ಜುಲೈ ಕೊನೆಯ ಶನಿವಾರ ಮಾರ್ಕೆತ್ತಾ ಗಿಟಾರ್ ಹೆಗಲಿಗೇರಿಸಿ, ಕೊಂಡವನು ನೀನು, ನೀನೂ ಬರಬೇಕು ಎಂದು ಅವನನ್ನು ಎಳೆದುಕೊಂಡೇ ಹೊರಟಳು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅವಳು ಗಿಟಾರನ್ನು ಬೆನ್ನು ಮೇಲಾಗಿಸಿ ಮೇಜಿನ ಮೇಲಿಟ್ಟು ಓಸ್ಮೊನಿಗೆ ಚೆನ್ನಾಗಿಯೇ ಮಂಗಳಾರತಿ ಎತ್ತಿದಳು. ಓಸ್ಮೊ ಕನ್ನಡಕ ಹಾಕಿಕೊಂಡು ಗೀರನ್ನು ನೋಡಿದ, ತಂತಿಯ ಮೇಲೆ ಬೆರಳಾಡಿಸಿದ, ಅಂಟು ಮುಟ್ಟಿದ. ಜನ ಬರುವುದು ನಿಂತದ್ದು ಯಾಕೆಂದು ಅವನಿಗೆ ಆಗಲೇ ಗೊತ್ತಾದಂತಿತ್ತು. ಅವನು ಜಗಳಕ್ಕೆ ಬೀಳಲಿಲ್ಲ.

"ನಾನು ಕೊಟ್ಟಾಗ ಇದು ಹೀಗಿರಲಿಲ್ಲ," ಎಂದ. "ಆದ್ರೆ ನಿಮಗೆ ನಂಬಿಕೆ ಇಲ್ಲ ಅಂದ್ಮೇಲೆ ದುಡ್ಡು ವಾಪಸ್ ಕೊಡ್ತೀನಿ."

ಅವನು ಗಲ್ಲಾಪೆಟ್ಟಿಗೆ ತೆರೆದು ನೋಟು ತೆಗೆದ. ಮಾರ್ಕೆತ್ತಾ ಗೆದ್ದವಳಂತೆ ಕೈ ಚಾಚಿದಳು. ಆ ನೋಟುಗಳು ಮೇಜಿನ ಈ ಕಡೆಗೆ ಬಂದರೆ ಓಸ್ಮೊ ಕಳ್ಳನೆನ್ನುವುದು ಖಾಯಂ ಆಗುತ್ತದೆ ಎಂದು ರೈಮೊನಿಗೆ ಸ್ಪಷ್ಟವಾಗಿ ಕಂಡಿತು. ಅವನು ತಂಗಿಯ ಕೈ ಹಿಡಿದ.

"ಅದನ್ನ ಗೀರಿದ್ದು ನಾನು. ಮೂರೂವರೆ ವಾರ ನುಡಿಸಿದೆ."

"ನೀನಾ?" ಮಾರ್ಕೆತ್ತಾ ಅವನ ಕಡೆ ತಿರುಗಿದಳು. "ನೀನ್ಯಾಕೆ ನುಡಿಸ್ದೆ?"

"ಅದು ಪಿನ್ಯಾಗೆ ಅಂತ ತಂದದ್ದೇ ಅಲ್ಲ."

ಅಷ್ಟು ಹೇಳಿ ತಲೆ ತಗ್ಗಿಸಿದ. ಭೂಮಿ ಬಾಯಿ ಬಿಟ್ಟಿದ್ದರೆ ಸಂತೋಷವಾಗಿ ಇಳಿದುಹೋಗುತ್ತಿದ್ದ. ಓಸ್ಮೊ ಗಲ್ಲಾಪೆಟ್ಟಿಗೆ ಮುಚ್ಚಿದ. ಊರಲ್ಲಿ ಜನ ಆಡಿಕೊಳ್ಳುತ್ತಿದ್ದದ್ದು ನಿನಗೆ ಗೊತ್ತಿತ್ತಾ ಎಂದು ಕೇಳಿದ. ಗೊತ್ತಿತ್ತು ಎಂದ ರೈಮೊ. ಎಷ್ಟು ದಿನದಿಂದ ಎಂದರೆ ಮೂರು ವಾರದಿಂದ ಎಂದ. ಓಸ್ಮೊ ಮೇಜು ಬಳಸಿ ಈಚೆ ಬಂದ. ಹೊಡೆಯುತ್ತಾನೆಂದೇ ರೈಮೊ ಅಂದುಕೊಂಡ. ಓಸ್ಮೊ ಅವನ ಎಡಗೈಯನ್ನು ಹಿಡಿದೆತ್ತಿ, ದಪ್ಪ ಬೆರಳುಗಳನ್ನೂ ಅವುಗಳ ತುದಿಯ ಗಟ್ಟಿ ಚರ್ಮವನ್ನೂ ನೋಡಿದ.

"ಈ ಕೈಗೆ ಅದನ್ನ ಕೊಡ್ತಿದ್ನೇನಯ್ಯಾ ನಾನು?" ಓಸ್ಮೊ ಸಿಟ್ಟಿನಿಂದ ಕೇಳಿದ. "ಹುಡುಗಿ ಕೈಗೆ ಅಂತ ಒಂದು ಗಂಟೆ ಕೂತು ಆರಿಸ್ದೆ. ಇದ್ರಲ್ಲಿ ಎರಡು ತಂತಿ ಒಟ್ಟಿಗೆ ಸಿಕ್ತಿರ್ಲಿಲ್ವಾ ನಿಂಗೆ?"

ಸಿಗುತ್ತಿದ್ದವು ಎಂದು ರೈಮೊ ತಲೆಯಾಡಿಸಿದ. ಕೆಟ್ಟದ್ದು ಕೈಯಲ್ಲ, ಅಳತೆ. ಆ ಅಳತೆ ಕೊಟ್ಟವನು ತಾನೇ. ಇದು ತಲೆಗೆ ಹೋದಾಗ ಆದ ನಾಚಿಕೆ ಮೊದಲಿನದಕ್ಕಿಂತ ಬೇರೆ ಥರದ್ದಾಗಿತ್ತು. ಓಸ್ಮೊ ಅವನ ಕೈ ಬಿಟ್ಟು, ನನ್ನ ಹೆಸರು ಫಾರಂ ಫಾರಂಗೂ ಹೋಗಿದೆ, ಎಲ್ಲ ಕಡೆಗೂ ಹೋಗಿ ಅದನ್ನ ತೊಳೆಯುವವನು ನೀನೇ ಎಂದ. ಆಮೇಲೆ ಬೇಕಾದರೆ ಇಲ್ಲಿಗೆ ಬಾ.

ಗಿಟಾರನ್ನು ಪಿನ್ಯಾಳಿಗೇ ಎಂದು ಮರಳಿ ಹಾಕಿಕೊಂಡ ಕಾರು ಸೇತುವೆ ದಾಟಿದ ಮೇಲೆ ಮಾರ್ಕೆತ್ತಾ ಕೇಳಿದಳು: "ನನಗೇ ಬೇಕು ಅಂತ ಹೇಳಬಾರದಿತ್ತಾ ಅಣ್ಣ? ಹೇಳಿದ್ರೆ ನಾವೇನು ಅಂತಿದ್ವಿ?"

ರೈಮೊ ಯೋಚಿಸಿದ. ತಂಗಿ ಏನನ್ನುತ್ತಿದ್ದಳು, ಪಿನ್ಯಾ ಏನನ್ನುತ್ತಿದ್ದಳು, ಡೇರಿಯವರು ಏನನ್ನುತ್ತಿದ್ದರು ಎಂದು ಒಬ್ಬೊಬ್ಬರ ಬಾಯಲ್ಲೂ ಒಂದು ಕುಹಕದ ಮಾತು ಇಟ್ಟು ನೋಡಿದ. ಯಾರ ಬಾಯಲ್ಲೂ ಅದು ನಿಲ್ಲಲಿಲ್ಲ. ನಕ್ಕಿದ್ದ ಆ ತರಗತಿಯವರಿಗೆ ಈಗ ಐವತ್ತಾರು ವಯಸ್ಸು, ಅರ್ಧ ಜನಕ್ಕೆ ಮಂಡಿನೋವು.

"ಏನೂ ಅಂತಿರಲಿಲ್ಲ," ಎಂದ.

ಸೋಮವಾರ ಹದಿನಾರು ಫಾರಂ, ಮಂಗಳವಾರ ಹದಿನೈದು. ಪ್ರತಿ ಅಂಗಳದಲ್ಲೂ ಕೊಳವೆ ಜೋಡಿಸುವ ಮೊದಲು ಅವನು ಅದನ್ನೇ ಹೇಳಿದ: ಓಸ್ಮೊ ಮೋಸ ಮಾಡಿಲ್ಲ, ಗಿಟಾರ್ ನನಗೆಂದು ಕೊಂಡಿದ್ದೆ, ಸುಳ್ಳು ಹೇಳಿದವನು ನಾನು. ಮೊದಲ ಫಾರಂನಲ್ಲಿ ಬಾಯಿ ಒಣಗಿ ಎರಡು ಸಲ ಹೇಳಬೇಕಾಯಿತು. ಹೆಚ್ಚಿನವರು ಹೌದಾ ಎಂದು ಹಾಲಿನ ಕೊಬ್ಬಿನಂಶದ ಮಾತು ತೆಗೆದರು. ಅಕಾರ್ಡಿಯನ್ ಕೊಳ್ಳಬೇಕಿದ್ದ ರೈತ ಮಾತ್ರ ಅವನನ್ನು ದುರುಗುಟ್ಟಿ ನೋಡಿ, ನೀನು ಆವತ್ತು ಇಲ್ಲೇ ನಿಂತು ಕೇಳಿಸಿಕೊಂಡೆಯಲ್ಲೋ ಎಂದ. ಆ ಮಾತು ನ್ಯಾಯವಾದದ್ದು, ಉಳಿದವರ ಹೌದಾಗಳಿಗಿಂತ ಅದನ್ನು ನುಂಗುವುದೇ ರೈಮೊನಿಗೆ ಸುಲಭವಾಯಿತು.

ಮಂಗಳವಾರ ಮಧ್ಯಾಹ್ನ ಡೇರಿಯಲ್ಲಿ ಹಾಲು ಇಳಿಸಿ, ಟ್ಯಾಂಕರ್ ತೊಳೆಸಿ, ಅದನ್ನು ಊರಿನ ಮುಖ್ಯ ಬೀದಿಯಲ್ಲಿ ಓಸ್ಮೊನ ಅಂಗಡಿಗೆ ಎದುರಾಗಿಯೇ ನಿಲ್ಲಿಸಿದ. ಅರ್ಧ ಬೀದಿಗೆ ಅಡ್ಡವಾಯಿತು. ಒಳಗೆ ಇಬ್ಬರು ಹೆಂಗಸರು ಪಿಯಾನೊ ಪುಸ್ತಕ ನೋಡುತ್ತಿದ್ದರು. ರೈಮೊ ಕೆಲಸದ ಬೂಟಿನಲ್ಲೇ ಮೇಜಿನವರೆಗೆ ನಡೆದು, ಒಂದು ಗಿಟಾರ್ ಬೇಕು ಎಂದ.

ಓಸ್ಮೊ ತಲೆಯೆತ್ತಿದ. ಎಲ್ಲ ಗೊತ್ತಿದ್ದವನು, ಆದರೂ ಎಲ್ಲ ಗಿರಾಕಿಗಳನ್ನು ಕೇಳುವಂತೆ ಕೇಳಿದ: "ಯಾರಿಗೆ?"

ಹೆಂಗಸರು ತಿರುಗಿ ನೋಡಿದರು. ರೈಮೊನ ಕಿವಿಯಿಂದ ಕುತ್ತಿಗೆಯವರೆಗೂ ಕೆಂಪು ಇಳಿಯಿತು.

"ನನಗೆ."

"ಹಾಗಾದ್ರೆ ರಿಯಾಯ್ತಿ ಇಲ್ಲ," ಎಂದ ಓಸ್ಮೊ, ಕುರ್ಚಿಯನ್ನು ಅಂಗಡಿಯ ನಡುವೆ ಎಳೆದು ಹಾಕಿದ. ರೈಮೊ ಅದರಲ್ಲಿ ಕೂತು ಎಡಗೈ ಚಾಚಿದ.